ಗೂಟದತ್ತೆಯ ಮೂರನೆಯ ಗೆರೆ

ನಮ್ಮ ಸೋದರತ್ತೆಗೆ ಸಿಟ್ಟು ಬಂದರೆ ಮಾತು ನಿಲ್ಲುತ್ತದೆ, ಗೂಟ ಹೊಡೆಯುವ ಕೊಡತಿಯ ಸದ್ದು ಜೋರಾಗುತ್ತದೆ. ಹುಲ್ಲುಗಾವಲಿನ ಅಂಚಿಗೆ ಮನೆ ಮಾಡಿಕೊಂಡವರು ಬೆಳಿಗ್ಗೆ ಕಿಟಕಿ ತೆರೆಯುವಾಗಲೇ ಆ ಸದ್ದು ಕೇಳಿ ದಿನದ ಹವಾಮಾನ ಹೇಳುತ್ತಾರೆ. ನಿಧಾನಕ್ಕೆ ನಾಲ್ಕೈದು ಏಟು ಬಿದ್ದರೆ ಎಲ್ಲ ಮಾಮೂಲು. ಒಂದೇ ಏಟಿಗೆ ಗೂಟ ಅರ್ಧ ನೆಲಕ್ಕಿಳಿದರೆ, ಇವತ್ತು ಅವಳ ದಾರಿಗೆ ಅಡ್ಡ ಹೋಗಬಾರದೆಂದು ಅರ್ಥ. ಕಳೆದ ವರ್ಷ ನಲವತ್ತೈದು ದಿನ ಗೂಟಗಳು ಒಂದೇ ಏಟಿಗೆ ಇಳಿದವು. ನಾನು ಬರೆಯಹೊರಟಿರುವುದು ಆ ದಿನಗಳ ಬಗ್ಗೆ.

ಅತ್ತೆ ಹಾಲಿನ ಸಂಘದ ದನ ಮೇಯಿಸುತ್ತಾಳೆ. ನಲವತ್ತೆರಡು ಹಸು, ಮೂವತ್ತು ಎಕರೆ ಹುಲ್ಲು, ಹತ್ತೊಂಬತ್ತು ವರ್ಷದ ನೌಕರಿ. ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಸುಗಳನ್ನು ಇಡೀ ಬಯಲಿಗೆ ಒಟ್ಟಿಗೆ ಬಿಡುತ್ತಿದ್ದರು. ಹಸುವೂ ಮಗುವಿನ ಹಾಗೆಯೇ. ರುಚಿಯಾದದ್ದನ್ನು ಮೊದಲು ತಿನ್ನುತ್ತದೆ, ಮರುದಿನ ಮತ್ತೆ ಅಲ್ಲಿಗೇ ಹೋಗುತ್ತದೆ, ಚಿಗುರಲೂ ಬಿಡದೆ ನೆಲ ನೆಕ್ಕುತ್ತದೆ. ಬೇಡವಾಗಿ ಬಿಟ್ಟದ್ದು ಬಲಿತು, ತೆನೆ ಬಿಟ್ಟು, ಕಡ್ಡಿಯಾಗಿ ನಿಲ್ಲುತ್ತದೆ.

"ಅರ್ಧ ತಲೆ ಬೋಳಿಸಿ ಕ್ಷೌರದವನು ಊಟಕ್ಕೆ ಎದ್ದು ಹೋದ ಹಾಗಿತ್ತು ಕಣೆ ಈ ಬಯಲು," ಎನ್ನುತ್ತಾಳೆ ಅತ್ತೆ.

ಹೀಗಿರುವಾಗ ನೀರಿನ ಪೈಪು ಹಾಕಲು ಬಯಲಿನ ಒಂದು ಮೂಲೆಗೆ ಅಡ್ಡಲಾಗಿ ಕಾಲುವೆ ತೋಡಿದರು. ಮೂರು ವಾರ ಹಸುಗಳಿಗೆ ಆಚೆ ದಾಟಲಾಗಲಿಲ್ಲ. ಕಾಲುವೆ ಮುಚ್ಚಿದ ದಿನ ಅವು ಆ ಮೂಲೆಗೆ ನುಗ್ಗಿದವು; ಸಂಜೆ ಹಾಲಿನ ಕ್ಯಾನು ಎಂದಿಗಿಂತ ನಾಲ್ಕು ಬೆರಳು ಮೇಲಕ್ಕೆ ಬಂತು. ಹಾಲು ಕರೆಯುವವರು ಖುಷಿಪಟ್ಟು ಮರೆತರು. ಅತ್ತೆ ಮರೆಯಲಿಲ್ಲ. ಮರುದಿನ ಅವಳು ಆ ಮೂಲೆಗೆ ಹೋಗಿ, ಹಸು ಮುಟ್ಟದೆ ಉಳಿದಿದ್ದ ಹುಲ್ಲಿನ ನಡುವೆ ಬರಿಗಾಲಲ್ಲಿ ನಿಂತು, ಅದು ತನ್ನ ಕಾಲಿಗೆ ಎಲ್ಲಿಯವರೆಗೆ ಬಂದಿದೆ ಎಂದು ನೋಡಿಕೊಂಡಳು. ಮೀನಖಂಡದ ನಡುವಿಗೆ ಬಂದಿತ್ತು.

ಅಲ್ಲಿಂದ ಶುರುವಾದದ್ದು ಅವಳ ಗೂಟದ ಹುಚ್ಚು. ಮಾವನಿಗೆ ಬ್ಯಾಗು ರಿಪೇರಿಯ ಅಂಗಡಿ. ಅಲ್ಲಿ ರಾಶಿ ಬಿದ್ದಿದ್ದ ಹಳೆಯ ಬ್ಯಾಗುಗಳ ಪಟ್ಟಿಗಳನ್ನೆಲ್ಲ ಒಂದಕ್ಕೊಂದು ಹೊಲಿಸಿಕೊಂಡು, ಗೂಟದಿಂದ ಗೂಟಕ್ಕೆ ಬಿಗಿದು, ಬಯಲನ್ನು ಹದಿನಾರು ಹೋಳು ಮಾಡಿದಳು. ಕೆಂಪು, ನೀಲಿ, ಶಾಲೆಯ ಚೀಲದ ಹಸಿರು, ಸೂಟ್‌ಕೇಸಿನ ಕಪ್ಪು. ಒಂದು ಹೋಳಿನಲ್ಲಿ ಸುಮಾರು ಒಂದೂವರೆ ದಿನ ಮೇಯಿಸಿ ಮುಂದಿನದಕ್ಕೆ ದಾಟಿಸುವುದು, ಹಿಂದಿನದಕ್ಕೆ ವಿಶ್ರಾಂತಿ. ವರ್ಷಗಳ ನಂತರ ಸಂಘದವರು ಬ್ಯಾಟರಿಯ ತಂತಿಬೇಲಿ ಕೊಡಿಸಿದರು. ಅಷ್ಟು ಹೊತ್ತಿಗೆ ಊರು ಅವಳಿಗೆ ಗೂಟದತ್ತೆ ಎಂದು ಹೆಸರಿಟ್ಟಾಗಿತ್ತು. ನನಗೆ ಅವಳು ಅತ್ತೆ ಸರಿ. ಅಂಚೆಯವನಿಗೂ ಅತ್ತೆ, ಹಾಲು ಕರೆಯುವವರಿಗೂ ಅತ್ತೆ.

ಪ್ರತಿ ಹೋಳಿನ ಮೂಲೆಯಲ್ಲೂ ಒಂದು ದಪ್ಪ ಮರದ ಕಂಬವಿದೆ. ಅದರ ಮೇಲೆ ಕುಡುಗೋಲಿನಲ್ಲಿ ಕೆತ್ತಿ ಸುಣ್ಣ ಬಳಿದ ಎರಡು ಗೆರೆಗಳು. ಕೆಳಗಿನ ಗೆರೆ ಅತ್ತೆಯ ಪಾದದ ಗಂಟಿನಷ್ಟು ಎತ್ತರ, ಮೇಲಿನದು ಮೀನಖಂಡದ ನಡುವಿನಷ್ಟು. ಹುಲ್ಲು ಮೇಲಿನ ಗೆರೆ ಮುಟ್ಟಿದಾಗ ಹಸು ಒಳಗೆ. ಕೆಳಗಿನ ಗೆರೆಗೆ ಇಳಿದಾಗ ಹಸು ಹೊರಗೆ. ಪಂಚಾಂಗವಿಲ್ಲ, ಕ್ಯಾಲೆಂಡರಿಲ್ಲ. ಮಳೆ ಬಿದ್ದರೆ ಹುಲ್ಲು ಬೇಗ ಏಳುತ್ತದೆ, ಒಣಬಿಸಿಲಿದ್ದರೆ ನಿಧಾನ. ಯಾವ ಹೋಳಿಗೆ ಯಾವಾಗ ಎಂದು ಯಾರಾದರೂ ಕೇಳಿದರೆ, "ಅದನ್ನು ಹುಲ್ಲನ್ನೇ ಕೇಳ್ಬೇಕು," ಎನ್ನುತ್ತಿದ್ದಳು.

ಎರಡು ವರ್ಷದ ಹಿಂದೆ ಸಂಶೋಧನಾ ಕೇಂದ್ರದಿಂದ ಒಬ್ಬ ಹುಡುಗಿ ಬಂದಳು. ಅವಳ ಚೀಲದ ತುಂಬ ಸಣ್ಣ ಸಣ್ಣ ಕೊಳವೆಗಳು, ಉಕ್ಕಿನ ಡಬ್ಬಿಗಳು. ಊರು ಒಂದೇ ದಿನದಲ್ಲಿ ಅವಳನ್ನು ಕೊಳವೆ ಮೇಡಂ ಮಾಡಿತು. ಹಸುವಿನ ಕುತ್ತಿಗೆಗೆ ಡಬ್ಬಿ ಕಟ್ಟಿ, ಅದರ ಕೊಳವೆಯನ್ನು ಮೂಗಿನ ಹತ್ತಿರಕ್ಕೆ ತಂದಿಟ್ಟರೆ, ಒಂದು ದಿನ ಒಂದು ರಾತ್ರಿ ಹಸು ಬಿಟ್ಟ ಉಸಿರಿನಲ್ಲಿ ಸ್ವಲ್ಪ ಸ್ವಲ್ಪ ಡಬ್ಬಿಗೆ ಸೇರುತ್ತದೆ. ಹಸುವಿನ ಮುಖಕ್ಕೆ ಕಟ್ಟುವ ಪಟ್ಟಿಗಳನ್ನು ಹೊಲಿದುಕೊಟ್ಟವನು ನಮ್ಮ ಮಾವ.

ಹುಡುಗಿ ಅತ್ತೆಯ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ವಿಷಯ ಬಿಡಿಸಿ ಹೇಳಿದಳು. ಹಸು ಮೆಲುಕು ಹಾಕುವಾಗ ಹೊಟ್ಟೆಯಲ್ಲಿ ಮೀಥೇನ್ ಎಂಬ ಅನಿಲ ಹುಟ್ಟುತ್ತದೆ, ತೇಗಿನಲ್ಲಿ ಹೊರಗೆ ಬರುತ್ತದೆ, ಮೇಲೆ ಹೋಗಿ ಭೂಮಿಗೆ ಕಂಬಳಿ ಹೊದಿಸಿದ ಹಾಗೆ ಸೆಕೆ ಕೂಡಿಡುತ್ತದೆ. ಬಲಿತ ಕಡ್ಡಿಹುಲ್ಲು ತಿಂದರೆ ಅನಿಲ ಜಾಸ್ತಿ, ಹಾಲು ಕಡಿಮೆ. ಎಳೆಯ ಎಲೆ ತಿಂದರೆ ಅಷ್ಟೇ ಹಾಲಿಗೆ ಅನಿಲ ಕಡಿಮೆ.

"ತೇಗು ಅಂದ್ರೆ ಹೊಟ್ಟೆ ತುಂಬಿದ ಗುರುತು ಅಂದ್ಕೊಂಡಿದ್ದೆ," ಎಂದಳು ಅತ್ತೆ. "ನೀನು ಹೇಳೋದು ನೋಡಿದ್ರೆ ತಿಂದದ್ದು ಗಾಳಿಪಾಲಾದ ಗುರುತು."

"ಹಾಗೇ ಅತ್ತೆ. ಆ ಶಕ್ತಿ ಹಾಲಾಗ್ಬೇಕಿತ್ತು."

ಅದೇ ಹೊತ್ತಿಗೆ ಊಟ ಮುಗಿಸಿದ ಮಾವ ಒಳಗಿನಿಂದ ದೀರ್ಘವಾಗಿ ತೇಗಿದ.

"ರೀ, ಒಂದು ಡಬ್ಬಿ ಮಿಕ್ಕಿದೆಯಂತೆ. ಕಟ್ಟಿಸ್ಕೊಳ್ತೀರಾ?"

"ಹಾಲು ಕೇಳಲ್ಲ ಅಂದ್ರೆ ಕಟ್ಟಿ," ಎಂದ ಮಾವ.

ಆ ವರ್ಷದ ಅಂಕಿಗಳು ಚೆನ್ನಾಗಿ ಬಂದವು. ಹೊಳೆಯಾಚೆ ಬಯಲಿಗೆ ಸುಮ್ಮನೆ ಬಿಟ್ಟು ಮೇಯಿಸುವ ಹಸುಗಳ ಲೆಕ್ಕಕ್ಕೆ ಹೋಲಿಸಿದರೆ, ಒಂದು ಲೀಟರು ಹಾಲಿಗೆ ನಮ್ಮ ಹಸುಗಳು ಬಿಟ್ಟ ಅನಿಲ ಐದರಲ್ಲಿ ಒಂದು ಪಾಲು ಕಡಿಮೆ. ಸಂಘದ ಗೇಟಿಗೆ ದೊಡ್ಡ ಬೋರ್ಡು ಬಂತು: ಮಾದರಿ ಹುಲ್ಲುಗಾವಲು. ಕೆಳಗೆ ಸೆಕ್ರೆಟರಿಯ ಹೆಸರು. ಅತ್ತೆ ಅದನ್ನು ಅಕ್ಷರ ಅಕ್ಷರ ಕೂಡಿಸಿ ಓದಿ ಒಳಗೆ ಹೋದಳು. ನಾನು ಹೇಳಹೊರಟ ಸಿಟ್ಟು ಅದಕ್ಕಲ್ಲ. ಬೋರ್ಡಿನಿಂದ ಹುಲ್ಲಿಗೇನೂ ನಷ್ಟವಿರಲಿಲ್ಲ.

ಎರಡನೆಯ ವರ್ಷ ಬಂದದ್ದು ಬೇರೆ ಸುದ್ದಿ. ಸಂಘದ ಆಡಳಿತ ಮಂಡಳಿಯಲ್ಲಿ ಕೆಲವರಿಗೆ ಹಸುಗಳನ್ನು ಕೊಟ್ಟಿಗೆಯಲ್ಲೇ ಕಟ್ಟಿ ಮೇವು ತಂದು ಹಾಕುವ ಯೋಚನೆ ಹುಟ್ಟಿತ್ತು. ಹಾಗಾದರೆ ರಸ್ತೆ ಬದಿಯ ಬಯಲು ಖಾಲಿಯಾಗುತ್ತದೆ. ಅಲ್ಲಿ ಗೋದಾಮು ಕಟ್ಟಬಹುದು. ಸಂಶೋಧನಾ ಕೇಂದ್ರದ ದೊಡ್ಡವರು ಬಂದು ನೋಡುತ್ತಾರೆ, ಅದೇ ವಾರ ಹಸುಗಳ ಉಸಿರು ಅಳೆಯುತ್ತಾರೆ, ಅಂಕಿ ಚೆನ್ನಾಗಿದ್ದರೆ ಹುಲ್ಲುಗಾವಲು ಉಳಿಯುತ್ತದೆ, ಇಲ್ಲವಾದರೆ ಕೊಟ್ಟಿಗೆ ಎಂದು ತೀರ್ಮಾನವಾಯಿತು.

ಸೆಕ್ರೆಟರಿ ಕೆಟ್ಟವನೆಂದು ನಾನು ಹೇಳಲಾರೆ. ಹುಲ್ಲುಗಾವಲು ಉಳಿಯಲಿ ಎಂಬುದೇ ಅವನ ಆಸೆಯೂ ಆಗಿತ್ತು. ಬೋರ್ಡಿನ ಮೇಲೆ ಅವನ ಹೆಸರಿತ್ತಲ್ಲ. ಆದರೆ ಅವನು ಹುಲ್ಲನ್ನು ನೋಡಿದ್ದು ಆಫೀಸಿನ ಕಿಟಕಿಯಿಂದ. ಒಂದು ದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಪ್ಯಾಂಟನ್ನು ಸ್ವಲ್ಪ ಮೇಲೆತ್ತಿಕೊಂಡು ಬಯಲಿಗೆ ಬಂದ.

"ನೋಡಮ್ಮ, ರಸ್ತೆ ಪಕ್ಕದ ಐದು ಹೋಳು ಇವತ್ತಿಂದ ಮುಟ್ಬೇಡ. ಅವರು ಕಾರಿಂದ ಇಳಿದ ತಕ್ಷಣ ಹಸಿರು ಕಣ್ಣು ತುಂಬ್ಬೇಕು."

"ಎಷ್ಟು ದಿನ ಸಾರ್?"

"ಅವರು ಬರೋವರೆಗೆ. ನಲವತ್ತೈದು ದಿನ."

"ಅಷ್ಟು ದಿನ ಬಿಟ್ರೆ ಅದು ಹುಲ್ಲಾಗಿರಲ್ಲ ಸಾರ್, ಪೊರಕೆ ಆಗಿರುತ್ತೆ."

"ಎತ್ತರ ಬೆಳೆದ್ರೆ ಒಳ್ಳೇದೇ ಅಲ್ವೇನಮ್ಮ? ಹೊಟ್ಟೆ ತುಂಬ ತಿಂತಾವೆ."

"ನಿಮ್ಮ ಮನೇಲಿ ಸೊಪ್ಪು ಬಲಿತು ಬೀಜ ಬಿಟ್ಟ ಮೇಲೆ ಸಾರು ಮಾಡ್ತಾರಾ?"

"ನಾನೇನು ಹಸುನಾ?"

"ಅಲ್ಲ ಬಿಡಿ. ಹಸು ಆಗಿದ್ರೆ ತಿಳೀತಿತ್ತು."

ಸೆಕ್ರೆಟರಿ ಆಫೀಸಿಗೆ ಹಿಂತಿರುಗಿದ. ಮಧ್ಯಾಹ್ನ ಐದು ಹೋಳುಗಳ ಗೇಟಿಗೆ ಐದು ಹೊಸ ಬೀಗ ಬಿದ್ದವು. ಜೊತೆಗೆ ದನದ ಕೊಟ್ಟಿಗೆಯ ಗೋಡೆಗೆ ಒಂದು ಹಾಳೆ ಅಂಟಿಸಿದರು: ಉಳಿದ ಹನ್ನೊಂದು ಹೋಳುಗಳಲ್ಲಿ ಯಾವ ತಾರೀಖಿಗೆ ಯಾವುದು ಎಂದು. ಅತ್ತೆ ಆ ಹಾಳೆಯನ್ನು ಓದಿದಳು. ಮರುದಿನ ಬೆಳಿಗ್ಗೆ ಗೂಟ ಒಂದೇ ಏಟಿಗೆ ಇಳಿಯಿತು.

ಆ ನಲವತ್ತೈದು ದಿನ ಅವಳು ಮನೆಯಲ್ಲೂ ಮಾತಾಡಿದ್ದು ಕಡಿಮೆ. ನಾನು ಸಂಜೆ ಹೋದರೆ ಮಾವ ಕಣ್ಣಲ್ಲೇ ಸನ್ನೆ ಮಾಡುತ್ತಿದ್ದ: ಹತ್ತಿರ ಹೋಗಬೇಡ, ಕಾದ ಬಾಣಲೆ. ಹಿಂಬದಿಯ ಹನ್ನೊಂದು ಹೋಳುಗಳಿಗೆ ಸಿಗಬೇಕಾದ ವಿಶ್ರಾಂತಿ ಸಿಗದೆ ಹುಲ್ಲು ಕೆಳಗಿನ ಗೆರೆಗಿಂತ ಕೆಳಗಿಳಿಯಿತು, ಮಣ್ಣು ಕಾಣಿಸಿತು. ರಸ್ತೆ ಬದಿಯಲ್ಲಿ ಹುಲ್ಲು ಮೇಲಿನ ಗೆರೆ ಮುಟ್ಟಿತು, ದಾಟಿತು, ಕಂಬದ ಅರ್ಧ ನುಂಗಿತು. ಆಮೇಲೆ ತೆನೆ ಬಿಟ್ಟಿತು. ಸಂಜೆಯ ಬಿಸಿಲಿಗೆ ಅದರ ತುದಿಗಳು ಹೊಳೆಯುವಾಗ ರಸ್ತೆಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಗಾಳಿ ಬಂದರೆ ಇಡೀ ಬಯಲು ಒಂದು ಬದಿಗೆ ಮೈ ಹೊರಳಿಸುತ್ತಿತ್ತು. ನಾನೂ ನಿಂತು ನೋಡಿದ್ದೇನೆ. ಅಷ್ಟು ಚೆಂದದ್ದನ್ನು ನೋಡಿ ಅತ್ತೆಗೆ ಹಲ್ಲು ಕಚ್ಚುವಷ್ಟು ಕೋಪ ಯಾಕೆ ಬರುತ್ತದೆಂದು ನನಗೆ ಆಗ ಪೂರ್ತಿ ಅರ್ಥವಾಗಿರಲಿಲ್ಲ.

ದೊಡ್ಡವರು ಬರುವ ದಿನ ಬೆಳಿಗ್ಗೆ ಬೀಗ ತೆಗೆದರು. ಅತ್ತೆಗೆ ಒಗೆದ ಸೀರೆ ಉಟ್ಟುಕೊಂಡು ಬರಲು ಹೇಳಿದ್ದರು. ಅವಳು ದಿನದ ಸೀರೆಯಲ್ಲೇ ಹೊರಟಳು.

"ಗೂಟದ ಕಾರಲ್ಲಿ ಬರೋರ ಮುಂದೆ ಹೀಗಾ ಹೋಗೋದು?" ಎಂದ ಮಾವ.

"ಅವರ ಗೂಟ ಕಾರಿನ ಮೇಲೆ, ನನ್ನದು ಹೆಗಲ ಮೇಲೆ. ಯಾವುದು ಭಾರ ಅಂತ ಅವರೇ ನೋಡ್ಲಿ."

ಹಿಂದಿನ ಹೋಳುಗಳಲ್ಲಿ ಅರೆಹೊಟ್ಟೆಯಲ್ಲಿದ್ದ ಹಸುಗಳು ಆ ತೆನೆಹುಲ್ಲಿಗೆ ನುಗ್ಗಿ ಗಬಗಬ ತಿಂದವು. ದೊಡ್ಡವರು ಕೈ ಕಟ್ಟಿಕೊಂಡು ನಿಂತು ಮೆಚ್ಚಿದರು. ಫೋಟೋ ತೆಗೆದರು. ಕೊಳವೆ ಮೇಡಂ ಏಳು ಹಸುಗಳಿಗೆ ಡಬ್ಬಿ ಕಟ್ಟತೊಡಗಿದಾಗ ಅತ್ತೆ ಅವಳ ಪಕ್ಕಕ್ಕೆ ಹೋಗಿ ಮೆಲ್ಲಗೆ ಹೇಳಿದಳು:

"ಇವತ್ತು ಬೇಡ ಮಗಳೇ. ಇದು ನನ್ನ ಹುಲ್ಲಲ್ಲ."

"ತಾರೀಖು ಮೊದಲೇ ನಿಗದಿಯಾಗಿದೆ ಅತ್ತೆ. ಡಬ್ಬಿಗಳನ್ನೆಲ್ಲ ಸಿದ್ಧ ಮಾಡಿ ತಂದಿದ್ದೀನಿ. ನನ್ನ ಕೈಲಿಲ್ಲ."

ನಾಲ್ಕು ಹೆಜ್ಜೆಯಾಚೆ ದೊಡ್ಡವರು ನಿಂತಿದ್ದರು. ಅತ್ತೆ ಅವರತ್ತ ನೋಡಿದಳು, ಸೆಕ್ರೆಟರಿಯತ್ತ ನೋಡಿದಳು, ಬಾಯಿ ತೆರೆಯಲಿಲ್ಲ. ಹೋಗಿ ಗೂಟ ಹೊಡೆದಳು. ಆಮೇಲೆ ಅವಳು ಹೆಚ್ಚು ಬೈದುಕೊಂಡದ್ದು ಸೆಕ್ರೆಟರಿಯನ್ನಲ್ಲ, ಆ ಹೊತ್ತಿನ ತನ್ನ ಬಾಯಿಯನ್ನು. "ನಾಲ್ಕು ಹೆಜ್ಜೆ. ಇಷ್ಟು ವರ್ಷ ಈ ಬಯಲು ತುಳಿದಿದ್ದೀನಿ, ಆ ನಾಲ್ಕು ಹೆಜ್ಜೆ ಇಡೋಕಾಗ್ಲಿಲ್ಲ."

ಅಳತೆ ಮುಗಿದ ಮೇಲೆ, ವರದಿ ಬರುವವರೆಗೆ ಎಂದು, ಆ ಐದು ಗೇಟುಗಳಿಗೆ ಮತ್ತೆ ಬೀಗ ಹಾಕಿದರು. ಒಂದು ತಿಂಗಳಿಗೆ ವರದಿ ಬಂತು. ಮಾವ ತಂದುಕೊಟ್ಟ ಪ್ರತಿಯನ್ನು ಓದಿ ಹೇಳಿದವಳು ನಾನು. ಮೊದಲ ವರ್ಷದ ಲಾಭವೆಲ್ಲ ಹೋಗಿ, ನಮ್ಮ ಹಸುಗಳು ಹೊಳೆಯಾಚೆಯ ಹಸುಗಳಿಗಿಂತಲೂ ಹೆಚ್ಚು ಅನಿಲ ಬಿಟ್ಟಿದ್ದವು. ಕೊನೆಯಲ್ಲಿ ಒಂದು ಸಾಲು: "ಹೋಳು ಮಾಡಿ ಮೇಯಿಸುವ ಪದ್ಧತಿಯಿಂದ ನಿಲ್ಲುವಂಥ ಪ್ರಯೋಜನ ಕಂಡುಬಂದಿಲ್ಲ."

"ಇನ್ನೊಂದ್ಸಲ ಓದು."

ಓದಿದೆ.

"ಬೀಗದ ವಿಷಯ ಬರೆದಿದಾರಾ?"

"ಇಲ್ಲ ಅತ್ತೆ."

"ಹುಲ್ಲು ಎಷ್ಟೆತ್ತರ ಇತ್ತು ಅಂತ?"

"ಅದೂ ಇಲ್ಲ."

ಅವಳು ಎದ್ದು ಕೈ ತೊಳೆದು, ಒರೆಸಿಕೊಂಡು, ಗೋಡೆಗೆ ಒರಗಿಸಿದ್ದ ಕೊಡತಿಯನ್ನು ಎತ್ತಿ ಮತ್ತೆ ಅಲ್ಲೇ ಇಟ್ಟಳು. "ನಾಳೆ ಮಂಡಳಿ ಸಭೆ. ನೀನೂ ಬಾ. ಓದೋದೇನಾದ್ರೂ ಇದ್ರೆ ಓದು, ಮಾತು ನಾನಾಡ್ತೀನಿ," ಎಂದಳು.

ಸಂಘದ ಸಭಾಕೊಠಡಿ ಸಣ್ಣದು. ಗಾಜು ಹಾಸಿದ ಉದ್ದ ಮೇಜು, ಗಾಜಿನಡಿ ಹಳೆಯ ವಿಸಿಟಿಂಗ್ ಕಾರ್ಡುಗಳು, ಒಂದು ರೆಕ್ಕೆ ಸೊಟ್ಟಗಾದ ಫ್ಯಾನು. ಮೇಜಿನ ತುದಿಯಲ್ಲಿ ಅಧ್ಯಕ್ಷರು. ಶಾಲೆಯ ಹೆಡ್‌ಮಾಸ್ತರರಾಗಿ ನಿವೃತ್ತರಾದವರು, ಓದಲು ಒಂದು ಕನ್ನಡಕ, ನೋಡಲು ಇನ್ನೊಂದು. ಮಂಡಳಿಯ ಆರು ಜನ, ಸೆಕ್ರೆಟರಿ, ಗೋಡೆಯ ಪಕ್ಕ ಕೊಳವೆ ಮೇಡಂ. ಅತ್ತೆಗೆ ಯಾರೂ ಕುರ್ಚಿ ತೋರಿಸಲಿಲ್ಲ. ಅವಳು ಬಾಗಿಲ ಹತ್ತಿರ ನಿಂತಳು.

ವರದಿಯ ಸಾಲು ಓದಿಯಾಯಿತು. ಗೋದಾಮಿನ ನಕಾಶೆ ಮೇಜಿನ ಮೇಲೆ ಬಿಚ್ಚಿಕೊಂಡಿತು. ಮಂಡಳಿಯವರೊಬ್ಬರು, "ಹಸು ಕಟ್ಟಿಹಾಕಿದ್ರೆ ಇವಳಿಗೂ ಆರಾಮ, ನೆರಳಲ್ಲಿ ಕೆಲಸ," ಎಂದರು.

"ನನ್ನ ಆರಾಮ ಆಮೇಲೆ ನೋಡಿ," ಎಂದಳು ಅತ್ತೆ. "ಆ ಫೋಟೋ ಎರಡೂ ಇಳಿಸಿ."

ಅವಳು ಕೈ ತೋರಿಸಿದ್ದು ಸೆಕ್ರೆಟರಿಯ ಕುರ್ಚಿಯ ಹಿಂದಿನ ಗೋಡೆಗೆ. ಅಲ್ಲಿ ಎರಡು ಚೌಕಟ್ಟು ಹಾಕಿದ ಫೋಟೋಗಳಿದ್ದವು, ಎರಡೂ ಅವನೇ ಹಾಕಿಸಿದ್ದು. ಒಂದು ಮೊದಲ ವರ್ಷ ಅಳತೆಯ ದಿನದ್ದು. ಇನ್ನೊಂದು ಹಿಂದಿನ ತಿಂಗಳು ದೊಡ್ಡವರು ಬಂದ ದಿನದ್ದು. ಸೆಕ್ರೆಟರಿ ತೆನೆಹುಲ್ಲಿನ ನಡುವೆ ಸೊಂಟದವರೆಗೆ ಮುಳುಗಿ ನಗುತ್ತಿದ್ದ.

"ಯಾಕಮ್ಮ ಫೋಟೋ?" ಎಂದ ಸೆಕ್ರೆಟರಿ.

"ಎರಡೂ ಇಳಿಸಿ ಅಂದೆ."

ಧ್ವನಿ ಏರಿರಲಿಲ್ಲ. ಆದರೂ ಅಧ್ಯಕ್ಷರೇ ಎದ್ದು ಇಳಿಸಿದರು. ಅತ್ತೆ ಎರಡನ್ನೂ ಗೋದಾಮಿನ ನಕಾಶೆಯ ಮೇಲೆ ಇಟ್ಟಳು.

"ಮೇಷ್ಟ್ರೇ, ಇದರಲ್ಲಿ ಕಂಬ ಕಾಣುತ್ತಾ?"

ಅಧ್ಯಕ್ಷರು ಕನ್ನಡಕ ಬದಲಿಸಿದರು. "ಕಾಣುತ್ತೆ."

"ಮೇಲೆ ಬಿಳೀ ಗೆರೆ?"

"ಇದೆ. ಹುಲ್ಲಿನ ತುದಿ ಸರಿಯಾಗಿ ಗೆರೆಗೇ ತಾಗಿದೆ."

"ಅದು ಮೊದಲ ವರ್ಷದ್ದು. ಈಗ ಇದನ್ನ ನೋಡಿ. ಅದೇ ಕಂಬ."

ಅಧ್ಯಕ್ಷರು ಫೋಟೋವನ್ನು ಕಣ್ಣಿಗೆ ಹತ್ತಿರ ತಂದರು, ದೂರ ಹಿಡಿದರು. "ಇಲ್ಲಿ ಗೆರೆ ಎಲ್ಲಿ? ಕಾಣಿಸ್ತಿಲ್ಲವಲ್ಲ."

"ಅದೇ ನಾನೂ ಕೇಳ್ತಿರೋದು. ಎಲ್ಲಿ ಅಂತ ಇವರನ್ನ ಕೇಳಿ. ಗೇಟಿಗೆ ಬೀಗ ಹಾಕಿದೋರು ಇವರು. ಹಸು ಒಳಗೆ ಹೋಗ್ಬೇಕಾದ ದಿನ ಹೋಗಿದ್ರೆ ಗೆರೆ ಕಾಣ್ತಿತ್ತು. ಇದು ಮೇಯಿಸಿದ ಹುಲ್ಲಲ್ಲ ಮೇಷ್ಟ್ರೇ, ಫೋಟೋಗೆ ಬೆಳೆಸಿದ ಹುಲ್ಲು. ಅದನ್ನ ತಿಂದು ಹಸು ತೇಗಿತು. ನೀವು ತೇಗನ್ನ ಅಳೆದು ನನ್ನ ಗೆರೆ ಸುಳ್ಳು ಅಂದ್ರಿ."

ಫ್ಯಾನು ತನ್ನ ಸೊಟ್ಟ ರೆಕ್ಕೆಯಲ್ಲಿ ಟಕಟಕ ಎನ್ನುತ್ತಿತ್ತು. ಸೆಕ್ರೆಟರಿ ಫೋಟೋದಲ್ಲಿ ನಗುತ್ತಿದ್ದ ತನ್ನನ್ನೇ ನೋಡಿದ. ಆಮೇಲೆ ತಗ್ಗಿದ ದನಿಯಲ್ಲಿ, "ಒಳ್ಳೇದಾಗ್ಲಿ ಅಂತಲೇ ಮಾಡಿದ್ದು," ಎಂದ.

"ಗೊತ್ತು. ಕೆಟ್ಟದಾಗ್ಲಿ ಅಂತ ಮಾಡಿದ್ರೆ ಸಾವಿರ ಸಲ ತಡೀಬಹುದಿತ್ತು." ಅತ್ತೆ ಗೋಡೆಯತ್ತ ತಿರುಗಿದಳು. "ಮಗಳೇ, ನೀನೂ ಅಷ್ಟೇ. ಹಸು ಉಸಿರು ಬಿಟ್ಟಿದ್ದು ಬರ್ಕೊಂಡೆ. ತಿಂದಿದ್ದು ಏನು ಅಂತ ಬರ್ಕೊಂಡ್ಯಾ?"

ಕೊಳವೆ ಮೇಡಂ ಎದ್ದು ನಿಂತಳು. ಕೈಯಲ್ಲಿದ್ದ ಪುಸ್ತಕವನ್ನು ತಿರುವಿದಳು, ಅಲ್ಲಿ ಇಲ್ಲವೆಂದು ಅವಳಿಗೆ ಮೊದಲೇ ಗೊತ್ತಿತ್ತು. "ಹುಲ್ಲಿನ ಎತ್ತರ ಬರೆದಿಲ್ಲ. ಬರೀಬೇಕಿತ್ತು," ಎಂದಳು. ನಂತರ ಅಧ್ಯಕ್ಷರ ಕಡೆ ನೋಡಿ, "ಆ ಕೊನೆಯ ಸಾಲು ನಿಲ್ಲಲ್ಲ ಸಾರ್. ಇನ್ನೊಮ್ಮೆ ಅಳೀಬೇಕು. ಹುಲ್ಲು ಇವರ ಗೆರೆಗೆ ಬಂದಾಗ," ಎಂದಳು.

ಅಧ್ಯಕ್ಷರು ನಕಾಶೆಯನ್ನು ಸುತ್ತಿಟ್ಟರು. ಎರಡು ತಿಂಗಳು ಕೊಟ್ಟರು. ಅಷ್ಟರಲ್ಲಿ ಅಂಕಿ ಸರಿಹೋಗದಿದ್ದರೆ ಗೋದಾಮೇ ಸರಿ ಎಂದರು.

ಅತ್ತೆ ಸೆಕ್ರೆಟರಿಯ ಮುಂದೆ ಕೈ ಚಾಚಿದಳು. ಅವನಿಗೆ ತಕ್ಷಣ ಅರ್ಥವಾಗಲಿಲ್ಲ.

"ಬೀಗದ ಕೈ. ಐದೂ."

ಮರುದಿನದಿಂದ ಅವಳು ಹಸು ತಿಂದು ಉಳಿದಿದ್ದ ಆ ತೆನೆಹುಲ್ಲನ್ನೆಲ್ಲ ಕೊಯ್ಯಿಸಿದಳು. ಹಾಲು ಕರೆಯುವವರು ಕುಡುಗೋಲು ಹಿಡಿದು ಬಂದರು. ಮಾವ ಅಂಗಡಿಗೆ ಮೂರು ದಿನ ಬಾಗಿಲು ಹಾಕಿ ಬಂದ, ಎರಡನೆಯ ದಿನವೇ ಸೊಂಟ ಹಿಡಿದುಕೊಂಡು ಕೂತ. ಕೊಯ್ದ ಜಾಗ ಬಿಳಿಚಿಕೊಂಡು, ಮುಳ್ಳುಮುಳ್ಳಾಗಿ, ನೋಡಲಾಗದಂತಿತ್ತು. ರಸ್ತೆಯಲ್ಲಿ ಹೋಗುವವರು ಈಗ ನಿಲ್ಲುತ್ತಿರಲಿಲ್ಲ. ಹದಿನೈದು ದಿನಕ್ಕೆ ಬುಡದಲ್ಲಿ ತೆಳುವಾದ ಹಸಿರು ಕಂಡಿತು. ಅತ್ತೆ ದಿನಾ ಬೆಳಿಗ್ಗೆ ಚಪ್ಪಲಿ ಬಿಟ್ಟು ಆ ಕೂಳೆಯ ಮೇಲೆ ನಡೆದು ಬರುತ್ತಿದ್ದಳು. ಅಂಗಾಲು ಗೀರಿಕೊಂಡು ರಕ್ತ ಬಂದಿರುತ್ತಿತ್ತು. ಚಪ್ಪಲಿ ಹಾಕಿಕೋ ಎಂದರೆ, "ಹಾಕ್ಕೊಂಡ್ರೆ ಗೊತ್ತಾಗಲ್ಲ," ಎನ್ನುತ್ತಿದ್ದಳು. ಹಿಂದಿನ ಹೋಳುಗಳೂ ಒಂದೊಂದಾಗಿ ಉಸಿರು ತಿರುಗಿಸಿಕೊಂಡವು. ಐವತ್ತೊಂದನೆಯ ದಿನ ಅವಳು ಕೊಳವೆ ಮೇಡಂಗೆ ಫೋನು ಮಾಡಿಸಿ ಒಂದೇ ಮಾತು ಹೇಳಿದಳು: "ನಾಳೆ ಬಾ."

ಈ ಸಲ ಹುಡುಗಿ ಡಬ್ಬಿ ಕಟ್ಟುವ ಮೊದಲು ಕಂಬಗಳ ಪಕ್ಕ ಕೂತು, ಅಳತೆಪಟ್ಟಿ ಹಿಡಿದು, ಪ್ರತಿ ಗೆರೆಯನ್ನೂ ಹುಲ್ಲನ್ನೂ ಬರೆದುಕೊಂಡಳು. ಏಳು ದಿನ ಅಳೆದಳು. ಅಂಕಿ ಮೊದಲ ವರ್ಷದ್ದಕ್ಕೆ ಬಂದು ನಿಂತಿತು, ಒಂದು ಕೂದಲೆಳೆ ಹೆಚ್ಚುಕಮ್ಮಿ. ಹುಲ್ಲುಗಾವಲು ಉಳಿಯಿತು.

ಅತ್ತೆ ಸಿಹಿ ಹಂಚಲಿಲ್ಲ, ನಗಲೂ ಇಲ್ಲ. "ಇದ್ದದ್ದನ್ನ ಇದೆ ಅಂತ ಒಪ್ಪಿಸೋಕೆ ಒಂದು ವರ್ಷದ ಹುಲ್ಲು ಹಾಳಾಯ್ತು," ಎಂದಳಷ್ಟೆ. ಗೇಟಿನ ಬೋರ್ಡಿನ ಮೇಲೆ ಸೆಕ್ರೆಟರಿಯ ಹೆಸರು ಹಾಗೆಯೇ ಇದೆ.

ಮೊನ್ನೆ ನಾನು ಹೋದಾಗ ಅವಳು ರಸ್ತೆ ಬದಿಯ ಕಂಬದ ಮುಂದೆ ಮಂಡಿಯೂರಿ ಕೂತು ಕುಡುಗೋಲಿನ ತುದಿಯಿಂದ ಮರ ಕೆತ್ತುತ್ತಿದ್ದಳು. ಹಳೆಯ ಎರಡು ಗೆರೆಗಳಿಗಿಂತ ಬಹಳ ಮೇಲೆ, ಮೊಣಕಾಲನ್ನೂ ದಾಟಿದ ಎತ್ತರದಲ್ಲಿ, ಮೂರನೆಯದೊಂದು ಗೆರೆ. ಉಳಿದ ನಾಲ್ಕು ಕಂಬಗಳಲ್ಲಿ ಆಗಲೇ ಕೆತ್ತಿಯಾಗಿತ್ತು. ಸುಣ್ಣದ ಬದಲು ಕೆಂಪು ಬಣ್ಣದ ಡಬ್ಬಿ ತಂದಿದ್ದಳು.

"ಇದ್ಯಾವ ಗೆರೆ ಅತ್ತೆ?"

ಅವಳು ಬಣ್ಣ ಬಳಿದು ಮುಗಿಸಿ, ಎದ್ದು, ಮಂಡಿಯ ಮಣ್ಣು ಕೊಡವಿಕೊಂಡಳು.

"ಸೆಕ್ರೆಟ್ರಿ ಗೆರೆ," ಎಂದಳು. "ನಾನಿಲ್ಲದ ದಿನ ಯಾರು ಮೇಯಿಸ್ತಾರೋ ಅವರಿಗೆ. ಹುಲ್ಲು ಇಲ್ಲಿಗೆ ಬರೋಕೆ ಬಿಡಬಾರದು, ಯಾರು ಎಂಥಾ ಕಾರಲ್ಲಿ ಬಂದ್ರೂ."

ಆಮೇಲೆ ಗೂಟಗಳ ಕಟ್ಟನ್ನು ಹೆಗಲಿಗೇರಿಸಿಕೊಂಡು ಮುಂದಿನ ಹೋಳಿನ ಕಡೆ ನಡೆದಳು. ಸ್ವಲ್ಪ ಹೊತ್ತಿಗೆ ಕೊಡತಿಯ ಸದ್ದು ಕೇಳಿಸಿತು. ಎಣಿಸಿದೆ. ಒಂದಲ್ಲ, ನಾಲ್ಕೈದೂ ಅಲ್ಲ; ಗೂಟ ಇಳಿಯಲು ಎರಡು ಏಟು ಬೇಕಾಯಿತು.